‘ಮಿಸ್’ ಅನ್ನೋ ಪದ ಸರಿಯಾಗಿ ಬಳಸೋದು ಹೇಗೆ? ಆಫೀಸಲ್ಲೂ ಎಡವಟ್ಟಾಯ್ತು, ಅಜ್ಜಿ ಹತ್ರಾನೂ ಎಡವಟ್ಟಾಯ್ತು

ತಿಪಟೂರ್_ಹುಡುಗ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಊರು ತಿಪಟೂರು ಹತ್ರ ಒಂದು ಹಳ್ಳಿ, ನಾಲ್ಕು ವರ್ಷದಿಂದ ಬೆಂಗಳೂರಲ್ಲಿ ಕೆಲ್ಸ, ಆಫೀಸು ಬೊಮ್ಮಸಂದ್ರ ಕಡೆ. ಇಂಗ್ಲಿಷ್ ಓದಿದ್ರೆ ಅರ್ಥ ಆಗುತ್ತೆ ಆದ್ರೆ ಬರೆಯೋಕೆ ಕೂತ್ರೆ ಮೊದ್ಲು ತಲೇಲಿ ಕನ್ನಡ ಬರುತ್ತೆ, ಆಮೇಲೆ ಅದನ್ನ ಇಂಗ್ಲಿಷ್‌ಗೆ ತಿರುಗಿಸ್ತೀನಿ, ಅಲ್ಲೇ ಎಡವೋದು.

ಮೊನ್ನೆ ಕ್ಲೈಂಟ್‌ಗೆ ಮೇಲ್ ಕಳ್ಸಿದೆ, ಫೈಲ್ ಹಾಕೋದು ಬಿಟ್ಟೋಗಿತ್ತು. ತಕ್ಷಣ ಇನ್ನೊಂದು ಮೇಲ್ ಹಾಕಿ "ಸಾರಿ, ಐ ಮಿಸ್ಡ್ ಟು ಅಟ್ಯಾಚ್ ದ ಫೈಲ್" ಅಂತ ಬರ್ದೆ. ನಮ್ಮ ಟೀಮ್ ಲೀಡ್ ಅಕ್ಕ ಪಕ್ಕಕ್ಕೆ ಕರ್ದು ಮಿಸ್ಡ್ ಟು ಅಂತ ಬರೀಬಾರ್ದು ಅಂದ್ರು. ಯಾಕಕ್ಕ ಅಂದೆ. ನಂಗೂ ರೂಲ್ ಗೊತ್ತಿಲ್ಲ ಕಣೋ, ಕಿವಿಗೆ ಸರಿ ಅನ್ಸಲ್ಲ ಅಷ್ಟೇ ಅಂದ್ರು. ಬೈದಿಲ್ಲ, ಒಳ್ಳೇ ಮನಸ್ಸಿಂದಾನೇ ಹೇಳಿದ್ದು, ಆದ್ರೆ ಕಾರಣ ಗೊತ್ತಾಗ್ದೆ ಇದ್ರೆ ನಂಗೆ ನೆನಪಲ್ಲಿ ಉಳಿಯಲ್ಲ.

ಅವತ್ತು ರಾತ್ರೀನೇ ಅಜ್ಜಿಗೆ ಫೋನ್ ಮಾಡಿದ್ದೆ. ಅಜ್ಜಿ ಊರಲ್ಲಿ ಒಬ್ರೇ ಇರೋದು. ಮಾತಾಡ್ತಾ ಮಾತಾಡ್ತಾ ಒಂಥರಾ ಆಗಿ "ಅಜ್ಜೀ ನಿನ್ನ ತುಂಬ ಮಿಸ್ ಮಾಡ್ಕೊಳ್ತಿದೀನಿ" ಅಂದ್ಬಿಟ್ಟೆ. ಅಜ್ಜಿ ಗಾಬರಿ ಆಗಿ "ಏನ್ ಮಿಸ್ಸಾಯ್ತು ಮಗ, ಬಸ್ಸಾ? ಈ ಹೊತ್ತಲ್ಲಿ ಎಲ್ಲಿದೀಯ?" ಅಂದ್ರು. ಅಲ್ಲಜ್ಜಿ ರೂಮಲ್ಲೇ ಇದೀನಿ ಅಂತ ಹೇಳಿ ಸಮಾಧಾನ ಮಾಡೋಷ್ಟ್ರಲ್ಲಿ ನಾನು ಹೇಳ್ಬೇಕು ಅಂದ್ಕೊಂಡಿದ್ದು ಹಾಗೇ ಗಂಟಲಲ್ಲೇ ಉಳೀತು. ಅವರು ಎಂದಿನಂಗೆ ಹಪ್ಪಳದ ವಿಷಯಕ್ಕೆ ಹೋದ್ರು, ಈ ಸಲ ಮಾಳಿಗೆ ಮೇಲೆ ಹಪ್ಪಳ ಹಾಕಿದೀನಿ, ನೀನಿದ್ದಿದ್ರೆ ಕಾಗೆ ಕಾಯ್ತಿದ್ದೆ, ಈಗ ನಾನೇ ಕೋಲಿಟ್ಕೊಂಡು ಕೂತಿದೀನಿ ಅಂತ.

ನನ್ನ ಪ್ರಶ್ನೆ ಎರಡು. ಒಂದು, ಈ ಮಿಸ್ ಅನ್ನೋದು ಬಸ್ಸಿಗೂ ಅದೇ, ಫೈಲಿಗೂ ಅದೇ, ಅಜ್ಜಿಗೂ ಅದೇ ಹೆಂಗೆ? ಇದಕ್ಕೆ ಸರಿಯಾದ ಬಳಕೆ ಏನು? ಇನ್ನೊಂದು, ಅಜ್ಜಿಗೆ ಅರ್ಥ ಆಗೋ ಥರ ಅದನ್ನ ಕನ್ನಡದಲ್ಲಿ ಏನಂತ ಹೇಳೋದು? ಗೂಗಲ್ ಮಾಡಿದ್ರೆ ಬರೋ ಉತ್ತರ ನಮ್ಮಜ್ಜಿ ಮುಂದೆ ಹೇಳೋ ಹಂಗಿಲ್ಲ.

ರಾಜಾಜಿನಗರದ_ಮೇಷ್ಟ್ರು:

ಮಗೂ, ನಾನು ಸರ್ಕಾರಿ ಹೈಸ್ಕೂಲಲ್ಲಿ ಇಂಗ್ಲಿಷ್ ಹೇಳ್ಕೊಟ್ಟು ರಿಟೈರ್ ಆದೋನು. ನಿನ್ನ ಥರ ಕನ್ನಡ ಮೀಡಿಯಂ ಮಕ್ಳಿಗೇ ಪಾಠ ಮಾಡಿದ್ದು, ಈ ಪದದ ಹತ್ರ ಎಲ್ರೂ ಒಂದೇ ಜಾಗದಲ್ಲಿ ಎಡವೋದು ನೋಡಿದೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದ್ಲು ಬೇರು ನೋಡು. ಹಳೇ ಇಂಗ್ಲಿಷಿಂದ ಬಂದಿರೋ ಪದ ಇದು, ಸೇರ್ಬೇಕಾಗಿದ್ದು ಸೇರ್ಲಿಲ್ಲ ಅನ್ನೋದು ಅದರ ಅರ್ಥ. ಬಾಣ ಗುರಿಗೆ ಸೇರ್ಲಿಲ್ಲ, ನೀನು ಬಸ್ಸಿಗೆ ಸೇರ್ಲಿಲ್ಲ, ಕಣ್ಣು ಆ ಸಾಲಿನ ಮೇಲೆ ಬೀಳ್ಲಿಲ್ಲ. ಮಿಸ್ಟೇಕ್, ಮಿಸ್‌ಅಂಡರ್‌ಸ್ಟ್ಯಾಂಡ್ ಇವುಗಳ ಮುಂದೆ ಬರೋ ಮಿಸ್‌ಗೂ ಇದಕ್ಕೂ ನಂಟಿದೆ, ಎಲ್ಲಾದ್ರಲ್ಲೂ ದಾರಿ ತಪ್ಪಿದ್ದು ಅನ್ನೋ ಭಾವ. ಇಲ್ಲದೋರನ್ನ ನೆನೆದು ಸಂಕಟ ಪಡೋದು ಅನ್ನೋ ಅರ್ಥ ಆಮೇಲೆ ಸೇರ್ಕೊಂಡಿದ್ದು, 15ನೇ ಶತಮಾನದ ಹೊತ್ತಿಗೆ. ಹೆಂಗೆ ಸೇರ್ಕೊಳ್ತು ಅಂತ ಆಶ್ಚರ್ಯ ಪಡ್ಬೇಡ. ಹಬ್ಬದ ದಿನ ಎಲೆ ಹಾಕಿ ಎಲ್ರೂ ಕೂತ್ಮೇಲೆ ಒಂದು ಎಲೆ ಮುಂದೆ ಯಾರೂ ಇಲ್ಲ ಅಂತ ಕಣ್ಣಿಗೆ ಬೀಳುತ್ತಲ್ಲ, ಮೊದ್ಲು ಅದು ಬರೀ ಲೆಕ್ಕ, ಒಬ್ರು ಕಮ್ಮಿ ಅಂತ. ಆಮೇಲೆ ಅದೇ ಲೆಕ್ಕ ಹೊಟ್ಟೆಯೊಳಗೆ ಇಳಿಯುತ್ತೆ. ಇಂಗ್ಲಿಷ್‌ನೋರು ಆ ಎರಡಕ್ಕೂ ಒಂದೇ ಪದ ಇಟ್ಕೊಂಡ್ರು.

(ಸ್ಕೂಲಲ್ಲಿ ಟೀಚರ್‌ಗೆ ಮಿಸ್ ಅಂತೀವಲ್ಲ ಅದು ಬೇರೆ ಪದ, ಮಿಸ್ಟ್ರೆಸ್ ಅನ್ನೋದರ ಮೊಟಕು. ಪ್ರತಿ ವರ್ಷ ಒಂದು ಮಗು ಆದ್ರೂ ಕೇಳೋದು, ಅದಕ್ಕೆ ಹೇಳ್ದೆ.)

ಈಗ ನಿನ್ನ ಮೇಲ್‌ಗೆ ಬರ್ತೀನಿ. ಮಿಸ್ ಆದ್ಮೇಲೆ ಟು ಹಾಕಿ ಇನ್ನೊಂದು ಕ್ರಿಯಾಪದ ಬರಲ್ಲ. ಮಿಸ್ ಅಂದ್ಮೇಲೆ ಒಂದು ವಸ್ತು ಬರ್ಬೇಕು, ಬಸ್ಸು, ಕ್ಲಾಸು, ಕ್ಯಾಚು, ಇಲ್ಲಾ ಇಂಗ್ ಸೇರಿರೋ ರೂಪ ಬರ್ಬೇಕು. ಎಂಜಾಯ್, ಅವಾಯ್ಡ್, ಫಿನಿಶ್ ಇವೂ ಹಂಗೇ, ಎಂಜಾಯ್ ಟು ಸ್ವಿಮ್ ಅನ್ನಲ್ಲ, ಎಂಜಾಯ್ ಸ್ವಿಮ್ಮಿಂಗ್ ಅಂತೀವಿ. ಫರ್ಗೆಟ್‌ಗೆ ಟು ಬರುತ್ತೆ. ಆದ್ದರಿಂದ "ಐ ಫರ್ಗಾಟ್ ಟು ಅಟ್ಯಾಚ್ ದ ಫೈಲ್". ನಿನಗೆ ಬೇಕಾಗಿದ್ದ ವಾಕ್ಯ ಅದು, ಒಂದು ಪದ ಬದಲಾಯಿಸಿದ್ರೆ ಮುಗೀತು.

ಆದ್ರೆ ನಮ್ಮೋರು ಯಾಕೆ ಮಿಸ್ಡ್ ಟು ಅಂತ ಬರೀತಾರೆ ಅಂತ ನಾನು ತುಂಬ ಯೋಚ್ನೆ ಮಾಡಿದೀನಿ. ನನಗನ್ಸೋದು, ಮರೆತೆ ಅಂದ್ರೆ ತಪ್ಪು ನಮ್ಮ ತಲೆ ಮೇಲೆ ಬರುತ್ತೆ. ಮಿಸ್ಸಾಯ್ತು ಅಂದ್ರೆ ಅದು ತಾನಾಗೇ ಆಯ್ತು. ಕನ್ನಡದಲ್ಲಿ "ಬಿಟ್ಟೋಯ್ತು" ಅನ್ನೋಕೆ ನಮಗೆ ಅನುಕೂಲ ಇದೆ, ಅಲ್ಲಿ ಬಿಟ್ಟೋರು ಯಾರು ಅಂತ ಹೇಳೋ ಹಂಗೇ ಇಲ್ಲ. ಆ ನಯ ಇಂಗ್ಲಿಷಲ್ಲೂ ಬೇಕು ಅಂತ ಮಿಸ್ಡ್ ಹಾಕ್ತೀವಿ, ಮರೆತೆ ಅನ್ನೋದರ ಟು ಹಂಗೇ ಅಂಟ್ಕೊಂಡು ಬರುತ್ತೆ. ನಯ ಬೇಕು ಅಂದ್ರೆ "ದ ಫೈಲ್ ವಾಸ್ ಮಿಸ್ಸಿಂಗ್ ಫ್ರಮ್ ಮೈ ಲಾಸ್ಟ್ ಮೇಲ್" ಅಂತ ಬರಿ, ತಪ್ಪೂ ಇಲ್ಲ, ಕೈಮುಗಿಯೋದೂ ಇಲ್ಲ.

ಇನ್ನೊಂದು ಗುಂಡಿ ಇದೆ, ಅದಕ್ಕೂ ಬೀಳ್ಬೇಡ. "ಒಂದು ಪೇಜ್ ಮಿಸ್ ಆಗಿದೆ" ಅನ್ನೋದನ್ನ ಹಂಗೇ ತಿರುಗಿಸಿ "ಒನ್ ಪೇಜ್ ಈಸ್ ಮಿಸ್ಡ್" ಅಂತ ಬರೀತಾರೆ. ಆಗಿದೆ ಅಂದ್ರೆ ಡ್ ಹಾಕ್ಬೇಕು ಅನ್ನೋ ಲೆಕ್ಕ. ಅಲ್ಲಿ ಮಿಸ್ಸಿಂಗ್ ಬರ್ಬೇಕು. ತೀರ್ಕೊಂಡೋರ ಬಗ್ಗೆ "ಷಿ ಈಸ್ ಡೀಪ್ಲಿ ಮಿಸ್ಡ್" ಅಂತ ಹಾಕ್ತಾರೆ, ಈಸ್ ಮಿಸ್ಡ್ ಅಂದ ತಕ್ಷಣ ಓದೋರ ಮನಸ್ಸಿಗೆ ಆ ದುಃಖದ ಅರ್ಥಾನೇ ಬರುತ್ತೆ. ಪರ್ಸ್ ಕಳ್ದೋದ್ರೂ ಅಷ್ಟೇ, "ಐ ಮಿಸ್ಡ್ ಮೈ ಪರ್ಸ್" ಅಲ್ಲ, ಲಾಸ್ಟ್. ಪರ್ಸ್ ಮಿಸ್ಸಾಯ್ತು ಅನ್ನೋದು ನಮ್ಮ ಕನ್ನಡ, ಅದು ಇಲ್ಲಿ ಸರಿ, ಅಲ್ಲಿ ಸರಿ ಅಲ್ಲ.

ಜೆಸಿರೋಡ್_ಗ್ಯಾರೇಜ್:

ಮೇಷ್ಟ್ರೇ ನಮಸ್ಕಾರ, ಓದಿ ಖುಷಿ ಆಯ್ತು. ನಮ್ಮ ಲೈನಲ್ಲಿ ಇರೋ ಒಂದು ಮಿಸ್ ಹೇಳ್ತೀನಿ. ದಿನಾ ಒಬ್ರಾದ್ರೂ ಬಂದು ಅಣ್ಣ ಗಾಡಿ ಮಿಸ್ಸಿಂಗ್ ಹೊಡೀತಿದೆ ಅಂತಾರೆ. ಗಾಡಿ ಎದುರುಗಡೆನೇ ನಿಂತಿರುತ್ತೆ, ಕಳ್ದೋಗಿರಲ್ಲ! ಎಂಜಿನ್ ಡಬ್ ಡಬ್ ಡಬ್ ಅಂತ ಒಂದೇ ಸಮ ಹೊಡೀಬೇಕು, ಮಧ್ಯೆ ಒಂದು ಹೊಡ್ತ ಬಿಟ್ಟೋಗುತ್ತೆ, ಗಾಡಿ ಮುಗ್ಗರಿಸಿದಂಗೆ ಆಗುತ್ತೆ, ಅದಕ್ಕೆ ಮಿಸ್ಸಿಂಗ್. ಪ್ಲಗ್ ಬಿಚ್ಚಿ ನೋಡಿದ್ರೆ ತುದೀಲಿ ಕಪ್ಪಗೆ ಕಾರ್ಬನ್ ಕೂತಿರುತ್ತೆ, ಎಮರಿ ಪೇಪರಲ್ಲಿ ಉಜ್ಜಿ ಗ್ಯಾಪ್ ಸರಿ ಮಾಡ್ತೀವಿ, ಆ ಗ್ಯಾಪು ಒಂದು ಮಿಲಿಮೀಟರ್‌ಗೂ ಕಮ್ಮಿ, ಅಷ್ಟರಲ್ಲೇ ಇರೋದು ಎಲ್ಲಾ. ಕಿಡಿ ಬರ್ಬೇಕಾದ ಟೈಮಿಗೆ ಬರ್ಲಿಲ್ಲ ಅಷ್ಟೇ. ಮೇಷ್ಟ್ರು ಹೇಳಿದ ಸೇರ್ಬೇಕಾದ್ದು ಸೇರ್ಲಿಲ್ಲ ಅನ್ನೋದು ಓದ್ದಾಗ ನಂಗೆ ಮೊದ್ಲು ಈ ಪ್ಲಗ್ಗೇ ಕಣ್ಮುಂದೆ ಬಂತು. ನಾನು ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು, ಈ ಪದ ಇಂಗ್ಲಿಷ್ ಪುಸ್ತಕದಲ್ಲಿ ಕಲ್ತಿದ್ದಲ್ಲ, ಸ್ಪ್ಯಾನರ್ ಹಿಡ್ಕೊಂಡು ಕಲ್ತಿದ್ದು.

ರಾಜಾಜಿನಗರದ_ಮೇಷ್ಟ್ರು:

ಅಣ್ಣಾ, ನೀವು ಹೇಳಿದ್ದು ಇಂಗ್ಲಿಷಲ್ಲೂ ಹಂಗೇ ಇದೆ, ದ ಎಂಜಿನ್ ಈಸ್ ಮಿಸ್ಸಿಂಗ್ ಅಂತ ಅಲ್ಲಿನ ಮೆಕಾನಿಕ್‌ಗಳೂ ಅಂತಾರೆ. ನನ್ನ ಪಾಠದಲ್ಲಿ ಇದು ಬಿಟ್ಟೋಗಿತ್ತು.

ವಸಂತನಗರ_ನಿವಾಸಿ:

ಗ್ರಾಮರ್ ವಿಷಯ ಮೇಷ್ಟ್ರು ಮುಗಿಸಿದಾರೆ, ನಾನು ಕನ್ನಡದ ಕಡೆಯಿಂದ ಬರ್ತೀನಿ ಯಾಕಂದ್ರೆ ನಂಗೆ ಅಜ್ಜಿ ಕಥೆ ಓದಿ ಸುಮ್ನೆ ಕೂರೋಕಾಗ್ಲಿಲ್ಲ.

ನಾವು ಇಂಗ್ಲಿಷಿಂದ ಮಿಸ್ ತಗೊಂಡ್ವಿ ಆದ್ರೆ ಹಂಗಂಗೇ ಇಟ್ಕೊಂಡಿಲ್ಲ, ಅದಕ್ಕೆ ನಮ್ಮ ಬಾಲ ಹಚ್ಚಿದೀವಿ. ಬಸ್ ಮಿಸ್ಸಾಯ್ತು ಅಂದ್ರೆ ನನ್ನ ಕೈಲಿರ್ಲಿಲ್ಲ, ಟ್ರಾಫಿಕ್ಕು ಮಳೆ ಏನೋ ಒಂದು. ಬಸ್ ಮಿಸ್ ಮಾಡ್ದೆ ಅಂದ್ರೆ ನಾನೇ ಬೇಕಂತಲೋ ಸೋಮಾರಿತನಕ್ಕೋ ಬಿಟ್ಟೆ. ಮಿಸ್ ಮಾಡ್ಕೊಂಡೆ ಅಂದ್ರೆ ಮಾಡಿದ್ದೂ ನಾನೇ, ನಷ್ಟ ಆಗಿದ್ದೂ ನಂಗೇ, ಅಯ್ಯೋ ಅನ್ನೋ ಉಸಿರು ಅದರೊಳಗೇ ಇದೆ. ಇಂಗ್ಲಿಷಲ್ಲಿ ಮೂರಕ್ಕೂ "ಐ ಮಿಸ್ಡ್ ದ ಬಸ್" ಒಂದೇ. ಹಳದಿ ಲೈನ್ ಮೆಟ್ರೋ ಶುರುವಾದಾಗ 2025ರ ಆಗಸ್ಟಲ್ಲಿ 25 ನಿಮಿಷಕ್ಕೊಂದು ರೈಲಿತ್ತಲ್ಲ, ಆಗ ಆರ್‌ವಿ ರೋಡ್ ಪ್ಲಾಟ್‌ಫಾರ್ಮಲ್ಲಿ ನಿಂತ್ರೆ ಈ ಮೂರೂ ಕೇಳ್ಸೋದು. ಬಾಗಿಲು ಮುಚ್ಚಿದ ತಕ್ಷಣ ಓಡ್ಬಂದೋನು "ಛೆ ಮಿಸ್ಸಾಯ್ತಲ್ಲ" ಅನ್ನೋನು, ಅವನ ಜೊತೆ ಇರೋಳು "ನೀನು ಕಾಫಿ ಕುಡೀತಾ ಮಿಸ್ ಮಾಡ್ದೆ" ಅನ್ನೋಳು. ಯಾರ ತಪ್ಪು ಅನ್ನೋ ಇಡೀ ಜಗಳ ಆಗು, ಮಾಡು ಅನ್ನೋ ಎರಡು ಪದದ ಮೇಲೆ ನಡೆಯುತ್ತೆ.

ಇದಕ್ಕೆಲ್ಲ ಮುಂಚೆ ನಮ್ಮಲ್ಲಿದ್ದ ಪದ ‘ತಪ್ಪು’. ಗುರಿ ತಪ್ತು, ಬಸ್ ತಪ್ಪೋಯ್ತು, ದಾರಿ ತಪ್ದ, ಕೈತಪ್ಪಿ ಹೋಯ್ತು, ಮಾತಿಗೆ ತಪ್ದ, ಬರೋದು ತಪ್ಪಲ್ಲ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಸಿಕ್ಕಿದ್ರೆ ತಪ್ಪು ಅನ್ನೋ ಕ್ರಿಯಾಪದ ತೆಗೆದು ನೋಡಿ, ಎಂಜಿ ರೋಡಲ್ಲಿ ಅವರ ಪ್ರತಿಮೆ ಮುಂದೆ ಹೋಗುವಾಗೆಲ್ಲ ನಂಗೆ ಅಂಥ ಪದಗಳೇ ನೆನಪಾಗೋದು. ಅಂದ್ರೆ ಬಸ್ಸಿನ ಮಿಸ್‌ಗೆ ನಮ್ಮಲ್ಲಿ ಪದ ಇದೆ, ಫೈಲಿನ ಮಿಸ್‌ಗೆ ಬಿಟ್ಟೋಯ್ತು ಇದೆ, ಮನುಷ್ಯ ಕಳ್ದೋದ್ರೆ ಪೇಪರಲ್ಲಿ ಹಾಕ್ತಾರಲ್ಲ, ಕಾಣೆಯಾಗಿದ್ದಾರೆ, ಅದಿದೆ. ನಿಮ್ಮಜ್ಜಿ ಕಿವೀಲಿ ಮಿಸ್ ಅಂದ್ರೆ ಬಸ್ಸಿನ ಮಿಸ್ಸು ಮಾತ್ರ, ಅದಕ್ಕೆ ಗಾಬರಿ ಆಗಿದ್ದು, ಅವರು ಕೇಳಿಸ್ಕೊಂಡಿದ್ದು ನೂರಕ್ಕೆ ನೂರು ಸರಿ.

ಇನ್ನು ಅಜ್ಜಿಯ ಮಿಸ್. ನಾನು ತಿಮ್ಮಯ್ಯ ರಸ್ತೆ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಸ್ವಲ್ಪ ದಿನ ಫ್ರೆಂಚ್ ಕಲೀತಿದ್ದೆ. ಅಲ್ಲಿ ಐ ಮಿಸ್ ಯುಗೆ "ತ್ಯು ಮ ಮಾಂಕ್" ಅಂತಾರೆ, ಅದರಲ್ಲಿ ನಾನು ಕರ್ತೃ ಅಲ್ಲ, ನೀನು ಕರ್ತೃ, ನೀನು ನನಗೆ ಇಲ್ಲವಾಗಿದೀಯ ಅನ್ನೋ ಥರ. ಕ್ಲಾಸಲ್ಲಿ ಇಂಗ್ಲಿಷ್ ಮೀಡಿಯಂನೋರೆಲ್ಲ ಇದೇನು ತಲೆಕೆಳಗಾಗಿದೆ ಅಂತಿದ್ರು, ನಂಗೆ ಒಂದು ಸಲಕ್ಕೇ ಹತ್ತಿಬಿಡ್ತು, ಯಾಕಂದ್ರೆ ಕನ್ನಡದಲ್ಲೂ ಭಾವನೆಗಳು ನಮ್ಮಿಂದ ಹೊರಡಲ್ಲ, ನಮಗೆ ಬರುತ್ವೆ. ನಂಗೆ ಹಸಿವಾಗುತ್ತೆ, ನಂಗೆ ನಿದ್ದೆ ಬರುತ್ತೆ, ನಂಗೆ ನಿನ್ನ ನೆನಪಾಗುತ್ತೆ. ಮಿಸ್ ಮಾಡ್ಕೊಳ್ತೀನಿ ಅಂದ್ರೆ ಅದು ನಾನು ಮಾಡೋ ಒಂದು ಕೆಲ್ಸ ಆಗ್ಬಿಡುತ್ತೆ, ಅಲ್ಲೇ ಅದು ಕನ್ನಡದ ಕಿವಿಗೆ ಒಗ್ಗಲ್ಲ.

ಇಷ್ಟೆಲ್ಲ ಬರ್ದಿದ್ದು ಒಂದು ಮಾತು ಹೇಳೋಕೆ. ನೀವು ಅಜ್ಜಿಗೆ ಅರ್ಥ ಆಗೋ ಥರ ಏನು ಹೇಳೋದು ಅಂತ ಕೇಳಿದೀರಿ. ನಿಮ್ಮ ಪೋಸ್ಟಲ್ಲೇ ಇದೆ, ಅವರೇ ಹೇಳಿದಾರೆ, ನೀವು ಎಂದಿನಂಗೆ ಹಪ್ಪಳದ ವಿಷಯಕ್ಕೆ ಹೋದ್ರು ಅಂತ ದಾಟ್ಕೊಂಡು ಬಂದ್ಬಿಟ್ರಿ. "ನೀನಿದ್ದಿದ್ರೆ ಕಾಗೆ ಕಾಯ್ತಿದ್ದೆ." ಅದು ಹಪ್ಪಳದ ಮಾತಲ್ಲ ತಮ್ಮ. ಇದ್ದಿದ್ರೆ ಅನ್ನೋ ಪದ ನಮ್ಮ ಹಿರಿಯರು ಎಲ್ಲಿ ಬಳಸ್ತಾರೆ ಅಂತ ಒಂದ್ಸಲ ಗಮನ ಇಟ್ಟು ಕೇಳಿ.

ತಿಪಟೂರ್_ಹುಡುಗ:

ಅಕ್ಕ, ಇದನ್ನ ಮೆಟ್ರೋದಲ್ಲಿ ಓದ್ದೆ, ಇಳಿಯೋ ಸ್ಟೇಷನ್ ದಾಟ್ಕೊಂಡು ಹೋದೆ.

ನಮ್ಮಜ್ಜಿ ಎಷ್ಟು ಸಲ ಹಂಗೆ ಹೇಳಿದಾರೆ ಅಂತ ಲೆಕ್ಕ ಹಾಕ್ತಾ ಕೂತಿದೀನಿ ಈಗ. ತೆಂಗಿನಕಾಯಿ ಕೀಳ್ಸಿದಾಗ ನೀನಿದ್ದಿದ್ರೆ ಎಣಿಸ್ತಿದ್ದೆ ಅಂದಿದ್ರು. ಕರೆಂಟ್ ಹೋದಾಗ ನೀನಿದ್ದಿದ್ರೆ ಫ್ಯೂಸ್ ಹಾಕ್ತಿದ್ದೆ. ನಾನು ಪ್ರತಿ ಸಲ ಕೆಲ್ಸದ ವಿಷಯ ಅಂದ್ಕೊಂಡು, ಪಕ್ಕದ್ಮನೆ ಅಣ್ಣಂಗೆ ಹೇಳಜ್ಜಿ ಮಾಡ್ಕೊಡ್ತಾರೆ ಅಂತಿದ್ದೆ.

ಪೀಣ್ಯ_ಸೆಕೆಂಡ್_ಶಿಫ್ಟ್:

ಮಾತು ಬೇರೆ ಕಡೆ ಹೋಗಿದೆ, ಆದ್ರೂ ಗ್ರಾಮರ್ ಕೇಳಿದ್ರಲ್ಲ ಅಂತ ಒಂದು ಹಾಕ್ತೀನಿ, ಇದು ಗೊತ್ತಿಲ್ದೆ ಜನಕ್ಕೆ ತೊಂದ್ರೆ ಆಗೋದು ನೋಡಿದೀನಿ. ನಮ್ಮ ಫ್ಯಾಕ್ಟರಿಯಲ್ಲಿ ನಿಯರ್ ಮಿಸ್ ಅಂತ ಒಂದು ಫಾರ್ಮ್ ಇದೆ. ಹೊಸದಾಗಿ ಬಂದ ಹುಡುಗ್ರು ನಿಯರ್ ಅಂದ್ರೆ ಹತ್ರ, ಮಿಸ್ ಅಂದ್ರೆ ತಪ್ಪು, ಹತ್ತಿರದ ತಪ್ಪು ಅಂದ್ರೆ ನನ್ನ ಮೇಲೆ ರಿಮಾರ್ಕ್ ಬರುತ್ತೆ ಅಂತ ತುಂಬೋದೇ ಇಲ್ಲ. ಅಲ್ಲ ಮಾರಾಯ್ರೆ. ಕ್ರೇನ್‌ನಿಂದ ಒಂದು ಬೋಲ್ಟ್ ಬಿತ್ತು, ಯಾರ ತಲೆ ಮೇಲೂ ಬೀಳ್ಲಿಲ್ಲ, ಒಂದು ಗೇಣು ಪಕ್ಕಕ್ಕೆ ಬಿತ್ತು, ಅದು ನಿಯರ್ ಮಿಸ್. ಕನ್ನಡದಲ್ಲಿ ಸ್ವಲ್ಪದರಲ್ಲಿ ತಪ್ತು ಅಂತೀವಲ್ಲ ಅದೇ, ಕೂದಲೆಳೆಯಲ್ಲಿ ಪಾರು. ಅದನ್ನ ಬರೆಯೋದೇ ನಾಳೆ ಆ ಬೋಲ್ಟು ಯಾರ ಮೇಲೂ ಬೀಳ್ದಿರ್ಲಿ ಅಂತ. ನಾನು ಈಗ ಫಾರ್ಮ್ ಮೇಲೆ ಪೆನ್ನಲ್ಲಿ "ಸ್ವಲ್ಪದರಲ್ಲಿ ತಪ್ಪಿದ ಅಪಘಾತ" ಅಂತ ಬರ್ದು ಕೊಡ್ತೀನಿ, ಆಗಿಂದ ಹುಡುಗ್ರು ಹೆದರ್ದೆ ತುಂಬ್ತಾರೆ. ಇಲ್ಲಿ ಮಿಸ್ ಅಂದ್ರೆ ಒಳ್ಳೇದು ಅನ್ನೋದು ತಲೇಲಿ ಇಟ್ಕೊಳಿ.

ಮಲ್ಲೇಶ್ವರ_8ನೇಕ್ರಾಸ್:

ಎಲ್ಲಾ ಸರಿ, ಆದ್ರೆ ಮಿಸ್ ಅನ್ನೋದು ಇನ್ನೂ ಇಂಗ್ಲಿಷ್ ಪದ ಅನ್ನೋ ಥರ ಮಾತಾಡ್ತಿದೀರಲ್ಲ, ನಂಗೆ ಅದು ಒಪ್ಪಿಗೆ ಇಲ್ಲ. ಮಿಸ್ಡ್ ಕಾಲ್ ನೋಡಿ. ಇಂಗ್ಲಿಷ್‌ನೋರಿಗೆ ಮಿಸ್ಡ್ ಕಾಲ್ ಅಂದ್ರೆ ನಾನು ಎತ್ತೋಕಾಗದೇ ಇದ್ದ ಕಾಲ್. ನಾವು ಮಿಸ್ ಕಾಲ್ ಕೊಡ್ತೀವಿ! ಬೇಕಂತ ಒಂದು ರಿಂಗ್ ಮಾಡಿ ಕಟ್ ಮಾಡಿದ್ರೆ ಅದು ಮಿಸ್ ಹೆಂಗಾಗುತ್ತೆ, ಆದ್ರೂ ಅದೇ ಹೆಸ್ರು. ಇನ್‌ಕಮಿಂಗ್‌ಗೂ ದುಡ್ಡು ಕೊಡ್ತಿದ್ದ ಕಾಲ ಇತ್ತು, 2003ರಲ್ಲಿ ಅದು ಫ್ರೀ ಆಯ್ತು, ಆಮೇಲಂತೂ ಕರೆನ್ಸಿ ಉಳಿಸೋಕೆ ಎಲ್ರೂ ಇದನ್ನೇ ಮಾಡಿದ್ದು. ನಮ್ಮಪ್ಪ ಮೆಜೆಸ್ಟಿಕ್ ತಲುಪಿದ್ಮೇಲೆ ಒಂದು ರಿಂಗು, ಅಂದ್ರೆ ಸೇರಿದೀನಿ ಅಂತ. ಮನೆ ಕೆಳಗೆ ಬಂದ್ಮೇಲೆ ಎರಡು ರಿಂಗು, ಗೇಟ್ ತೆಗಿ ಅಂತ. ಯಾರೂ ಮಾತಾಡ್ಲಿಲ್ಲ, ಒಂದು ಪೈಸೆ ಖರ್ಚಿಲ್ಲ, ಅಮ್ಮ ಒಗ್ಗರಣೆಗೆ ಎಣ್ಣೆ ಇಡೋಳು. ಇಷ್ಟೆಲ್ಲ ನಾವೇ ಕಟ್ಟಿದ ಅರ್ಥ, ಯಾವ ಇಂಗ್ಲಿಷ್ ಡಿಕ್ಷನರಿಗೂ ಕೇಳಿ ಕಟ್ಟಿದ್ದಲ್ಲ. ಅದಕ್ಕೆ ನಾನು ಹೇಳೋದು, ಮಿಸ್ ಮಾಡ್ಕೊಳ್ತಿದೀನಿ ಅನ್ನೋದೂ ನಾಳೆ ಕನ್ನಡಾನೇ, ನನ್ನ ಮಗಳು ಅದನ್ನೇ ಹೇಳ್ತಾಳೆ, ಅವಳು ಹೇಳುವಾಗ ಕಣ್ಣಲ್ಲಿ ನೀರಿರುತ್ತೆ, ಅದನ್ನ ಬಾಡಿಗೆ ಪದ ಅನ್ನೋಕೆ ನಂಗೆ ಮನಸ್ಸು ಬರಲ್ಲ.

ವಸಂತನಗರ_ನಿವಾಸಿ:

ನಿಮ್ಮ ಮಾತು ಒಪ್ತೀನಿ ಸಾರ್, ಮಿಸ್ ಕಾಲ್ ನಮ್ದೇ. ಮಗಳ ಪದಾನೂ ನಿಜಾನೇ. ನನ್ನ ತಕರಾರು ಪದದ ಮೇಲಲ್ಲ. ಆ ಒಂದು ಪದ ಬಂದ್ಮೇಲೆ ಉಳಿದವು ಬಾಯಲ್ಲಿ ಬರೋದು ಕಮ್ಮಿ ಆಯ್ತಲ್ಲ ಅಂತ ಸಂಕಟ. ಜೀವ ಎಳೀತಿದೆ, ಮನೆ ಬಿಕೋ ಅಂತಿದೆ, ಕಣ್ಣಲ್ಲೇ ಕಟ್ಟಿದಂಗಿದೆ, ಇವು ಒಂದೊಂದೂ ಬೇರೆ ಬೇರೆ ನೋವು. ಹಾಸ್ಟೆಲ್‌ಗೆ ಮಗನ್ನ ಬಿಟ್ಟು ಬಂದ ದಿನ ಮನೆ ಬಿಕೋ ಅನ್ನುತ್ತೆ. ಜೀವ ಎಳೆಯೋದು ಹುಷಾರಿಲ್ಲ ಅಂತ ಸುದ್ದಿ ಬಂದಾಗ. ಎರಡಕ್ಕೂ ಮಿಸ್ ಅಂದ್ರೆ ಯಾವುದು ಅಂತ ಕೇಳೋರಿಗೆ ಹೆಂಗೆ ಗೊತ್ತಾಗ್ಬೇಕು.

ಧಾರವಾಡದಾಕಿ:

ನಾ ಬೆಂಗಳೂರಿಗೆ ಬಂದ ಹನ್ನೊಂದ ವರ್ಷ ಆತು, ವಿಜಯನಗರದಾಗ ಇರೋದು. ನಮ್ಮ ಕಡೆ ಅವ್ವ ಫೋನಿನ್ಯಾಗ "ನಿಂದ ಭಾಳ ನೆನಪ ಆಗ್ತೈತಿ" ಅಂತ ಸೀದಾ ಹೇಳ್ತಾಳ ನೋಡ್ರಿ, ಅದರಾಗ ಸಂಕೋಚ ಇಲ್ಲ. ಇಲ್ಲೆ ಬಂದ ಮ್ಯಾಲೆ ಗೆಳತ್ಯಾರು ಎಲ್ಲಾರೂ ಮಿಸ್ ಯು ಮಿಸ್ ಯು ಅಂತಿದ್ರು, ನಾನೂ ಕಲ್ತೆ, ಮೆಸೇಜಿನ್ಯಾಗ ಹಾಕಾಕ ಹಗುರ ಆಗ್ತದ. ಆದ್ರ ಅವ್ವಗ ಒಮ್ಮಿ ಹಂಗ ಕಳಿಸಿದ್ದೆ, ಆಕಿ ತಮ್ಮನ ಕಡಿಂದ ಓದಿಸ್ಕೊಂಡು ತಿರುಗಿ ಫೋನ್ ಮಾಡಿ "ಬಾಯಿಲೆ ಹೇಳವಾ" ಅಂದ್ಲು. ಅಷ್ಟ. ತಿಪಟೂರ ತಮ್ಮಾ, ನಿನಗ ನಾ ಹೇಳೋದಿಷ್ಟ, ಬಾಯಿಲೆ ಹೇಳು.

ರಾಜಾಜಿನಗರದ_ಮೇಷ್ಟ್ರು:

ಮಗೂ, ಪ್ರಶ್ನೆಯಲ್ಲಿ ಸರಿಯಾದ ಬಳಕೆ ಅಂತ ಕೇಳಿದ್ದಿ, ಎರಡು ಸಣ್ಣ ವಿಷಯ ಉಳೀತು ಅದನ್ನೂ ಹೇಳಿ ಮುಗಿಸ್ತೀನಿ. ಐ ಮಿಸ್ ಯು ಅನ್ನೋದೇ ಮಾಮೂಲಿ, ಐ ಆಮ್ ಮಿಸ್ಸಿಂಗ್ ಯು ಅಂದ್ರೆ ತಪ್ಪೇನಲ್ಲ, ಈಗ ಈ ಹೊತ್ತಲ್ಲಿ ಅನ್ನೋ ಒತ್ತು ಬರುತ್ತೆ. ಮಿಸ್ ಔಟ್ ಅನ್ನೋದನ್ನ ಬ್ರಿಟನ್‌ನೋರು ಪಟ್ಟಿಯಲ್ಲಿ ಹೆಸರು ಬಿಟ್ಟೋದ್ರೂ ಬಳಸ್ತಾರೆ, ಅಮೆರಿಕಾದೋರು ಅದಕ್ಕೆ ಲೀವ್ ಔಟ್ ಅನ್ನೋದೇ ಹೆಚ್ಚು, ನಿನ್ನ ಕ್ಲೈಂಟ್ ಎಲ್ಲಿಯೋರು ಅಂತ ನೋಡ್ಕೋ.

ಇನ್ನೊಂದು, "ಐ ಮಿಸ್ಡ್ ಯು ಅಟ್ ದ ವೆಡ್ಡಿಂಗ್" ಅಂದ್ರೆ ಎರಡರ್ಥ. ಮದುವೇಲಿ ನೀನು ನನ್ನ ಕಣ್ಣಿಗೆ ಬೀಳ್ಲಿಲ್ಲ ಅಂತಾನೂ ಆಗುತ್ತೆ, ನೀನಿಲ್ದೆ ಮದುವೆ ಸಪ್ಪೆ ಆಯ್ತು ಅಂತಾನೂ ಆಗುತ್ತೆ. ಇಂಗ್ಲಿಷ್‌ನೋರೂ ಅಲ್ಲಿ ದನಿ ನೋಡಿ, ಮುಖ ನೋಡಿ ತಿಳ್ಕೊಳೋದು. ನನ್ನ ಮನೆಯೋಳು ಹೋಗಿ ಆರು ವರ್ಷ ಆಯ್ತು, ಬೆಳಿಗ್ಗೆ ಈಗಲೂ ಎರಡು ಲೋಟ ತೆಗೆದು ಇಡ್ತೀನಿ, ಒಂದನ್ನ ವಾಪಸ್ ಇಡುವಾಗ ಗೊತ್ತಾಗುತ್ತೆ. ಬಾಣ ತಪ್ಪೋ ಪದಾನೇ ಇದಕ್ಕೂ ಯಾಕೆ ಅಂತ ಕ್ಲಾಸಲ್ಲಿ ಅಷ್ಟು ವರ್ಷ ನಾನು ವಿವರಿಸಿದ್ದೆ, ಆ ಲೋಟ ಕೈಲಿದ್ದಾಗ ಅದು ಹೊಂದುತ್ತೆ ಅನ್ಸಿತು. ಕೈ ಅಭ್ಯಾಸದಿಂದ ಎಲ್ಲಿಗೋ ಹೋಗುತ್ತೆ, ಅಲ್ಲಿ ಸೇರ್ಬೇಕಾದ್ದು ಇರಲ್ಲ.

ಜೆಸಿರೋಡ್_ಗ್ಯಾರೇಜ್:

ಮೇಷ್ಟ್ರೇ, ನಮ್ಮ ಕಡೆ ಬಂದಾಗ ಗ್ಯಾರೇಜಿಗೆ ಬನ್ನಿ, ಕಾಫಿ ಕುಡಿಯೋಣ.

ತಿಪಟೂರ್_ಹುಡುಗ:

ಎಲ್ರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರೇ, ನೀವು ಬರ್ದಿದ್ದು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡೋಕಾಗ್ಲಿಲ್ಲ.

ಆಫೀಸಿನ ವಿಷಯ ಮೊದ್ಲು. ಲೀಡ್ ಅಕ್ಕಂಗೆ ಮಿಸ್ ಆದ್ಮೇಲೆ ಇಂಗ್ ಬರುತ್ತೆ ಟು ಬರಲ್ಲ, ಎಂಜಾಯ್ ಥರ ಅಂತ ಹೇಳ್ದೆ, ಅವರು ಹೌದಲ್ವಾ ಅಂತ ನೋಟ್ ಮಾಡ್ಕೊಂಡ್ರು. ಇವತ್ತು ಇನ್ನೊಂದು ಮೇಲಲ್ಲಿ "ಐ ಫರ್ಗಾಟ್ ಟು" ಅಂತಾನೇ ಬರ್ದೆ, ಬರೆಯುವಾಗ ಒಂದು ಕ್ಷಣ ಕೈ ಹಿಂದೇಟು ಹೊಡೀತು, ಆಮೇಲೆ ಸರಿ ಮರ್ತಿದ್ದು ನಾನೇ ಅಲ್ವಾ ಅಂತ ಕಳ್ಸಿದೆ.

ನಿನ್ನೆ ರಾತ್ರಿ ಅಜ್ಜಿಗೆ ಫೋನ್ ಮಾಡ್ದೆ. ನೆನಪಾಗ್ತಿದೆ ಅಂತ ಹೇಳೋಣ ಅಂತ ಎರಡು ಸಲ ಬಾಯಿ ತನಕ ಬಂತು, ನಮ್ಮನೇಲಿ ಯಾರೂ ಯಾರಿಗೂ ಹಂಗೆ ಹೇಳಿದ್ದೇ ಇಲ್ಲ, ಬರ್ಲಿಲ್ಲ. ರೂಮಲ್ಲಿ ಬಸ್ಸಾರು ಮಾಡಿದ್ದೆ, ಸೊಪ್ಪು ಬೇಯಿಸಿ ಬಸಿದು, ಅವರು ಮಾಡೋ ಥರಾನೇ ಖಾರ ರುಬ್ಬಿ. ಅದನ್ನೇ ಹೇಳ್ದೆ. "ಅಜ್ಜೀ ಇವತ್ತು ಬಸ್ಸಾರು ಮಾಡ್ದೆ, ನೀನಿದ್ದಿದ್ರೆ ಉಪ್ಪು ನೋಡಿ ಹೇಳ್ತಿದ್ದೆ" ಅಂತ.

ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ನಾನು ನೆಟ್‌ವರ್ಕ್ ಹೋಯ್ತೇನೋ ಅಂತ ಹಲೋ ಹಲೋ ಅಂದೆ. ಇದೀನಿ ಇದೀನಿ ಅಂದ್ರು, ಗಂಟಲು ಸರಿ ಮಾಡ್ಕೊಂಡು, ಸೊಪ್ಪು ಯಾವುದು, ದಂಟಾ ಕೀರೆನಾ, ಬಸಿದ ಕಟ್ಟು ಚೆಲ್ಲಿಲ್ಲ ತಾನೆ ಅಂತ ಒಂದೊಂದೇ ಕೇಳಿದ್ರು. ಆಮೇಲೆ ಶನಿವಾರ ಬೆಳಿಗ್ಗೆ ಟ್ರೈನಿಗೆ ಬರ್ತೀನಿ ಅಜ್ಜಿ ಅಂದೆ. ಹಪ್ಪಳ ಒಣಗಿದಾವೆ ಮಗ, ನಾಳೆ ಡಬ್ಬಕ್ಕೆ ತುಂಬೋಣ ಅಂತಿದ್ದೆ ಅಂದ್ರು. ಒಂದು ಕ್ಷಣ ಬಿಟ್ಟು, "ಇರ್ಲಿ, ಶನಿವಾರಕ್ಕೆ ಇನ್ನೊಂದು ಬಿಸಿಲು ಕಾಯಿಸ್ತೀನಿ, ನೀನು ಬಂದು ಕಾಗೆ ಕಾಯುವಂತೆ."